ತಂತಿ ಅವರದು, ದೀಪ ನಮ್ಮದು

ಒಬ್ಬರ ತಂತಿ ಮ್ಯಾಲ ಇನ್ನೊಬ್ಬರು ಅಂಗಡಿ ಇಟ್ಟರ ಇಂಥಾವೆಲ್ಲಾ ಆಗೇ ಆಗ್ತಾವ. ನಾ ಏನೂ ಹುಡುಕಿಕೊಂಡು ಹೋದಾಕಿ ಅಲ್ಲ. ನಮ್ಮ ಯಜಮಾನರು ಬ್ಯಾಂಕಿನವರು, ವಿಜಾಪುರದಿಂದ ನಾಶಿಕಕ್ಕ ವರ್ಗ ಆಯ್ತು. ಮನ್ಯಾಗ ಕೂತು ಕೂತು ತಲಿ ಕೆಟ್ಟು, ಒಂದು ಇಂಟರ್ನೆಟ್ ಕಂಪನಿಯೊಳಗ ಕಂಪ್ಲೇಂಟ್ ಕೇಳೂ ಕೆಲಸಕ್ಕ ಸೇರಿದೆ. ಕನ್ನಡ, ಮರಾಠಿ, ಹಿಂದಿ ಮೂರರೊಳಗೂ ಬೈಸಿಕೊಳ್ಳಲಿಕ್ಕೆ ಬರೂ ಹೆಣ್ಣುಮಗಳು ಅವರಿಗೂ ಬೇಕಾಗಿದ್ಲು. ತಿರುಗಿ ಬಯ್ಯಲಿಕ್ಕೂ ಬರ್ತದ ಅನ್ನೂದು ಅವರಿಗೆ ಆಮ್ಯಾಲ ಗೊತ್ತಾತು.

ನಮ್ಮ ವ್ಯಾಪಾರದ ರೀತಿ ಮೊದಲು ಹೇಳಿ ಬಿಡ್ತೀನಿ, ಇಲ್ಲಂದ್ರ ಮುಂದಿಂದು ತಿಳ್ಯೂದಿಲ್ಲ. ನಮ್ಮ ಕಂಪನಿಗೆ ಸ್ವಂತದ್ದು ಅಂತ ಒಂದು ಗೇಣು ತಂತಿ ಇದ್ದಿದ್ದಿಲ್ಲ. ಮನಿಮನಿಗೆ ಹೋಗಿದ್ದು ಫೋನ್ ಕಂಪನಿಯ ತಾಮ್ರದ ತಂತಿ. ನಾವು ಅವರ ಹತ್ರ ಸಗಟು ತಗೊಂಡು, ಅದೇ ತಂತಿ ಮ್ಯಾಲ ಇಂಟರ್ನೆಟ್ ಹಾಯಿಸಿ, ನಮ್ಮ ಹೆಸರು ಹಚ್ಚಿ ಚಿಲ್ಲರೆ ಮಾರ್ತಿದ್ವಿ. ಗಿರಾಕಿ ಮನ್ಯಾಗ ಮೋಡೆಮ್ ಅಂತ ಒಂದು ಡಬ್ಬಿ ಇಡೂದು, ಅದರ ಮ್ಯಾಲ ಒಂದು ಹಸಿರು ದೀಪ. ದೀಪ ಉರೀತಿದ್ರ ಇಂಟರ್ನೆಟ್ ಅದ. ಆರಿದ್ರ ಅವರು ನನಗ ಬಯ್ಯೂದು, ನಾ ಫೋನ್ ಕಂಪನಿಗೆ ಬಯ್ಯೂದು, ಅವರು ಚಹಾ ಕುಡಿಯೂದು. ಹಳೇ ಕಾಲದ ಇಂಟರ್ನೆಟ್ ಹಚ್ಚಿದ್ರ ಫೋನ್ ಎಂಗೇಜ್ ಆಗ್ತಿತ್ತಲ್ಲ, ಇದರಾಗ ಹಂಗಿಲ್ಲ. ಮಾತು ಒಂದು ಕಡೆಯಿಂದ, ಇಂಟರ್ನೆಟ್ ಒಂದು ಕಡೆಯಿಂದ, ತಂತಿ ಮಾತ್ರ ಅದೇ.

ಹರಿದ ಜಾಗಾ

ಸಟಾಣಾ ಕಡೆಯಿಂದ ಬಂದು ನಾಶಿಕದೊಳಗ ಮನಿ ಕಟ್ಟಿಸಿದ ಉಳ್ಳಾಗಡ್ಡಿ ವ್ಯಾಪಾರಿ ಒಬ್ಬರಿದ್ರು. ಅವರ ಓಣ್ಯಾಗ ಗಟಾರಕ್ಕ ಅಂತ ರಸ್ತೆ ಅಗದು ಮುಚ್ಚಿದ್ರು. ಅವತ್ತಿನಿಂದ ಇವರ ದೀಪ ಆರಿತ್ತು. ನನ್ನ ಕಡೆ ಬಂದ್ರ ನಾ ಫೋನ್ ಆಫೀಸಿಗೆ ಕಳಸ್ತಿದ್ದೆ. ಫೋನ್ ಆಫೀಸಿನ ಕ್ಲಾರ್ಕ್ ಮತ್ತ ನನ್ನ ಕಡೆನೇ ಕಳಸ್ತಿದ್ರು. ಎರಡೂ ಆಫೀಸು ಎದುರುಬದುರು ಇದ್ದದ್ದು ಅವರ ಪುಣ್ಯ, ನಡುವ ರಸ್ತೆ ದಾಟಿದ್ರ ಆಗ್ತಿತ್ತು.

ಒಂದು ದಿವಸ ಆ ಪುಣ್ಯಾತ್ಮ ತಾವೇ ಹಾರಿ, ಗುದ್ದಲಿ ಹಿಡಿದು ಅಗದು, ಹರಿದ ತಂತಿಯ ತುಣುಕು ಕಿತ್ತುಕೊಂಡು ಬಂದ್ರು. ಉಳ್ಳಾಗಡ್ಡಿ ಚೀಲದಾಗ ಹಾಕ್ಕೊಂಡು ಬಂದು ನನ್ನ ಟೇಬಲ್ ಮ್ಯಾಲ ಇಟ್ಟರು. ಎದುರಿನ ಕ್ಲಾರ್ಕನ್ನೂ ಕೈ ಹಿಡದು ಕರ್ಕೊಂಡು ಬಂದಿದ್ರು.

"ಈಗ ಇಬ್ಬರೂ ಇದ್ದೀರಿ, ಹೇಳ್ರಿ. ಇದು ಯಾರದು?" ಅಂದ್ರು.

ಕ್ಲಾರ್ಕ್ ತುಣುಕು ಎತ್ತಿ ನೋಡಿದ್ರು. "ತಾಮ್ರ ನಮ್ಮದು ಖರೆ. ಆದ್ರ ನಿಮ್ಮ ಕಂಪ್ಲೇಂಟ್ ಇಂಟರ್ನೆಟ್ಟಿಂದು, ಅದು ಈ ಮ್ಯಾಡಮ್ಮಂದು."

ನಾ ಬಿಡ್ತೀನೇನು. "ಇಂಟರ್ನೆಟ್ ನಮ್ಮದೇ. ಆದ್ರ ಹರಿದದ್ದು ತಂತಿ, ಅದು ಇವರದು."

ವ್ಯಾಪಾರಿ ಇಬ್ಬರ ಮುಖಾನೂ ನೋಡಿ, ತುಣುಕು ವಾಪಸ್ ಚೀಲದಾಗ ಹಾಕ್ಕೊಂಡ್ರು. "ತಂತಿ ಅವರದು, ಇಂಟರ್ನೆಟ್ ನಿಮ್ಮದು. ಅಂದ್ರ ನಡುವ ಹರಿದ ಜಾಗಾ ಅದಲ್ಲ, ಅದಷ್ಟೇ ನಂದು," ಅಂತ ಹೇಳಿ ಹೋದ್ರು.

ಕಂಪ್ಯೂಟರ್ ಇಲ್ಲದ ಗಿರಾಕಿ

ನನಗ ಎಲ್ಲಾರಕಿಂತ ಹೆಚ್ಚು ಬೈದವರು ಪಂಚವಟಿ ಕಡೆ ಶಾಕಾಹಾರಿ ಹೋಟೆಲ್ ನಡಸೂ ಉಡುಪಿ ಕಡೆಯವರು. ನಾಶಿಕದ ಮಂದಿ ದಕ್ಷಿಣದ ಹೋಟೆಲಿನವರಿಗೆಲ್ಲಾ ಅಣ್ಣಾ ಅಂತಾರ, ನಾನೂ ಅಣ್ಣಾವ್ರು ಅಂತೀನಿ. ಮಳಿಗಾಲದಾಗ ಒಂದು ದಿವಸ ಒದ್ದಿ ಛತ್ರಿ ಹಿಡಕೊಂಡೇ ಒಳಗ ಬಂದ್ರು.

"ಎಂತ ಮೇಡಂ ನಿಮ್ಮ ಕಂಪನಿ? ನಿನ್ನೆಯಿಂದ ಲೈಟಿಲ್ಲ. ಮನೆಯಲ್ಲಿ ಹೆಂಡತಿ ಅನ್ನ ಬಿಟ್ಟು ಕೂತಿದ್ದಾಳೆ."

ಇಂಟರ್ನೆಟ್ ಇಲ್ಲ ಅಂತ ಅನ್ನ ಬಿಟ್ಟವರನ್ನ ನಾ ಅಲ್ಲೀತನಕ ಕಂಡಿದ್ದಿಲ್ಲ. ಆದ್ರೂ ನಮ್ಮ ಪಾಠ ನಾವು ಒಪ್ಪಿಸಲೇಬೇಕು. "ಅಣ್ಣಾವ್ರ, ಒಂದ್ಸಲ ಕಂಪ್ಯೂಟರ್ ಬಂದ್ ಮಾಡಿ ಚಾಲು ಮಾಡಿದ್ರೇನು?" ಅಂದೆ.

"ಕಂಪ್ಯೂಟರ್ ಎಲ್ಲುಂಟು ನಮ್ಮಲ್ಲಿ?"

"ಕಂಪ್ಯೂಟರ್ ಇಲ್ಲಂದ್ರ ಇಂಟರ್ನೆಟ್ ಯಾತಕ್ಕ ತಗೊಂಡ್ರಿ?"

"ಲೈಟಿಗೆ," ಅಂದ್ರು.

ನಾ ಪೆನ್ ಕೆಳಗ ಇಟ್ಟೆ. ಅವರೂ ಛತ್ರಿ ಮಡಚಿ ಕೂತ್ರು. ಆಮ್ಯಾಲ ಹೇಳಿದ್ದು ಇಷ್ಟು. ಅವರಿಗೆ ಒಬ್ಬಳೇ ಮಗಳು. ಔರಂಗಾಬಾದ್ ಕಡೆ ಪೈಠಣದ ನೇಕಾರರ ಪೈಕಿ ಹುಡುಗ ಒಬ್ಬಾಂವ ನಾಶಿಕದ ಸೀರಿ ಅಂಗಡ್ಯಾಗ ಕೆಲಸಕ್ಕ ಇದ್ದ, ದಿನಾ ಮುಂಜಾನೆ ಇವರ ಹೋಟೆಲಿನಾಗ ಇಡ್ಲಿ ತಿಂತಿದ್ದ. ಒಳ್ಳೇ ಹುಡುಗ ಅಂತ ಇವರೇ ಎರಡೆರಡು ಸಲ ಸಾಂಬಾರ್ ಹಾಕಿಸ್ತಿದ್ರು. ಮಗಳು ಅವನನ್ನ ಮದುವಿ ಆಗಿ ಹೋದ್ಲು, ಈಗ ಎಲ್ಲಿ ಅದಾರ ಅನ್ನೂದು ಇವರಿಗೆ ಗೊತ್ತಿಲ್ಲ. ಹೋಗೂ ಮುಂದ ಇವರು ಸಿಟ್ಟಿಲೆ, "ಈ ಮೆಟ್ಟಿಲು ಹತ್ತಬೇಡ, ಈ ಮನೆಗೆ ಫೋನೂ ಮಾಡಬೇಡ" ಅಂದಿದ್ರು.

"ಮಾಡಿದ್ರೆ ಅವಳು ಮನೆ ಫೋನಿಗೇ ಮಾಡುದು ಮೇಡಂ. ಹೋಟೆಲಿಗೆ ಮಾಡುದಿಲ್ಲ, ಅಲ್ಲಿ ನಾನಿರ್ತೇನೆ. ನನ್ನ ಮೊಬೈಲು ಅವಳು ಹೋದ ಮೇಲೆ ತಗೊಂಡದ್ದು, ಆ ನಂಬ್ರ ಅವಳಿಗೆ ಗೊತ್ತಿಲ್ಲ. ಮನೆಯಲ್ಲಿ ಹೆಂಡತಿಗೆ ಫೋನು ಸತ್ತಿದೆಯಾ ಬದುಕಿದೆಯಾ ಅಂತ ಗಳಿಗೆಗೊಮ್ಮೆ ಎತ್ತಿ ನೋಡುವ ಚಟ ಹತ್ತಿತು. ಎತ್ತಿದ ಹೊತ್ತಿಗೇ ಅವಳು ಮಾಡಿದ್ರೆ? ಎಂಗೇಜ್ ಬರ್ತದೆ. ಒಮ್ಮೆ ಎಂಗೇಜ್ ಬಂದ್ರೆ ಮತ್ತೆ ಮಾಡ್ತಾಳೆ ಅಂತ ಎಂತ ಗ್ಯಾರಂಟಿ? ಅದಕ್ಕೆ ನಿಮ್ಮ ಡಬ್ಬಿ ತಂದದ್ದು. ಎತ್ತುದೇ ಬೇಡ, ಲೈಟ್ ನೋಡಿದ್ರೆ ಸಾಕು, ಲೈನುಂಟು ಅಂತ ಗೊತ್ತಾಗ್ತದೆ."

ಇವತ್ತೇ ಮಾಡಿಸಿ ಕೊಡ್ತೀನಿ ಅಂದೆ. ಅವರು ಬಾಗಿಲತನಕ ಹೋಗಿ ತಿರುಗಿ ನಿಂತ್ರು. "ಹುಟ್ಟಿದಾಗಿನಿಂದ ಅವಳು ನನ್ನ ಒಂದು ಮಾತು ಕೇಳಿದವಳಲ್ಲ ಮೇಡಂ. ಫೋನು ಮಾಡಬೇಡ ಅಂದೆ ನೋಡಿ, ಇದೊಂದು ಮಾತ್ರ ಕೇಳಿದ್ಲು."

ಫ್ಯಾನ್ ಇಲ್ಲದ ಇನ್ವರ್ಟರ್

ಅವತ್ತು ಫೋನ್ ಕಂಪನಿಯವರ ಬೆನ್ನು ಹತ್ತಿ ತಂತಿ ಜೋಡಿಸಲಿಕ್ಕೆ ಹಚ್ಚಿ, ದೀಪ ಬಂದದ್ದು ಕಣ್ಣಿಲೆ ನೋಡೂಣಂತ ನಾನೇ ಅವರ ಮನಿಗೆ ಹೋದೆ. ಅಕ್ಕಾ, ಅಂದ್ರ ಅಣ್ಣಾವ್ರ ಹೆಂಡತಿ, ಫೋನಿನ ಮುಂದ ಚಾಪಿ ಹಾಸಿಕೊಂಡು ಹೂವು ಕಟ್ಟಲಿಕ್ಕೆ ಹತ್ತಿದ್ರು. ಹಸಿರು ದೀಪ ಉರೀತಿತ್ತು. ಡಬ್ಬಿಗೆ ಅರಿಷಿಣ ಕುಂಕುಮ ಏರಿಸಿದ್ರು, ಗಾಳಿ ಹೋಗೂ ತೂತು ಮುಚ್ಚೂ ಹಂಗ. ಬ್ಯಾಡ್ರಿ ಅಕ್ಕಾ, ಬಿಸಿ ಆಗ್ತದ ಅಂತ ಒರಸಿಸಿದೆ.

ಕೆಲಸದ ರೂಢಿ ನೋಡ್ರಿ, ನನ್ನ ಕೈ ತಾನೇ ಹೋಗಿ ರಿಸೀವರ್ ಮ್ಯಾಲ ಬಿತ್ತು. ಅಕ್ಕಾ ನನ್ನ ಮುಂಗೈ ಗಟ್ಟಿಯಾಗಿ ಹಿಡಕೊಂಡ್ರು.

"ಎತ್ತಬೇಡಿ ಮಾರಾಯ್ತಿ. ಅವಳು ಮಾಡುದಿದ್ರೆ ಈ ಹೊತ್ತಿಗೇ ಮಾಡುದು. ಅಪ್ಪ ಹೋಟೆಲಿನಲ್ಲಿರುವ ಹೊತ್ತು ಅವಳಿಗೆ ಗೊತ್ತುಂಟು."

ಬಂಧು ಬಳಗಕ್ಕೆಲ್ಲಾ ಈ ನಂಬರಿಗೆ ಮಾಡಬ್ಯಾಡ್ರಿ, ಮೊಬೈಲಿಗೆ ಮಾಡ್ರಿ ಅಂತ ಅಕ್ಕಾ ತಾಕೀತು ಮಾಡಿದ್ರಂತ. ಮದುವಿ, ಮುಂಜಿವಿಗೆ ಹೋಗೂದೂ ಬಿಟ್ಟಿದ್ರು. ಊರಾಗ ಅಕ್ಕಾನ ಒಡಹುಟ್ಟಿದ ಅಣ್ಣ ತೀರಿಕೊಂಡಾಗ ಅಣ್ಣಾವ್ರು ಒಬ್ಬರೇ ಹೋಗಿ ಬಂದ್ರು. "ಹೋಗಿ ಮಾಡುದೆಂತ? ಅವನಿಗೆ ನಾನು ಬಂದದ್ದೂ ಗೊತ್ತಾಗುದಿಲ್ಲ, ಬರದ್ದೂ ಗೊತ್ತಾಗುದಿಲ್ಲ. ಮಗಳು ಬದುಕಿದ್ದಾಳಲ್ಲ," ಅಂದ್ರು ಅಕ್ಕಾ. ಹೇಳೂವಾಗ ಕಣ್ಣು ದೀಪದ ಮ್ಯಾಲೇ ಇತ್ತು.

ಆ ವರ್ಷಗಳಾಗ ಮಹಾರಾಷ್ಟ್ರದಾಗ ಲೋಡ್ ಶೆಡಿಂಗ್ ಅಂದ್ರ ಹೇಳತೀರದು. ಕರೆಂಟ್ ಹೋದ್ರ ನಮ್ಮ ದೀಪಾನೂ ಹೋಗ್ತದ. ಅದಕ್ಕ ಅಣ್ಣಾವ್ರು ಇನ್ವರ್ಟರ್ ತಂದು ಹಾಕಿದ್ರು, ಡಬ್ಬಿಗೆ ಒಂದಕ್ಕೇ. ಬ್ಯಾಸಿಗಿ ಧಗಿಯೊಳಗ ಗಂಡ ಹೆಂಡತಿ ಇಬ್ಬರೂ ಬೆವತು ನೀರಾಗಿ ಆ ದೀಪದ ಮುಂದ ಕೂತಿರ್ತಿದ್ರು. ಮಗ್ಗಲ ಮನಿ ಅಜ್ಜಿ ಒಮ್ಮೆ, "ಇನ್ವರ್ಟರ್ ಇದ್ದೂ ಯಾಕಪ್ಪ ಫ್ಯಾನ್ ಹಚ್ಚೂದಿಲ್ಲ?" ಅಂತ ಕೇಳಿದ್ರಂತ.

"ಫ್ಯಾನಿಗೆ ಯಾರು ಫೋನು ಮಾಡ್ತಾರೆ ಅಜ್ಜಿ?" ಅಂದ್ರಂತ ಅಣ್ಣಾವ್ರು.

ಆದರ್ಶ ಗ್ರಾಹಕ

ನಮ್ಮ ವಿಭಾಗದ ಮ್ಯಾನೇಜರು ಔರಂಗಾಬಾದಿನಾಗ ಕೂಡ್ತಿದ್ರು. ಅದೇ ಈಗ ಛತ್ರಪತಿ ಸಂಭಾಜಿನಗರ. ನಾಶಿಕದ ಎಲ್ಲಾ ಲೈನೂ ಅವರ ಪರದೆ ಮ್ಯಾಲ ಕಾಣಸ್ತಿದ್ವು. ಒಂದು ವರ್ಷ ಅವರಿಗೆ ಆದರ್ಶ ಗ್ರಾಹಕರನ್ನ ಹುಡುಕಿ ಸತ್ಕಾರ ಮಾಡೂ ಹುಚ್ಚು ಹಿಡೀತು. ದಿನಾ ಪೂರ್ತಿ ಮೋಡೆಮ್ ಚಾಲು ಇಡೂ ಗಿರಾಕಿ, ಸ್ಪೀಡ್ ಕಡಿಮಿ ಅಂತ ಒಂದು ದಿವಸಾನೂ ತಕರಾರು ಮಾಡದ ಗಿರಾಕಿ ಇಡೀ ನಾಶಿಕಕ್ಕ ಒಬ್ಬರೇ ಸಿಕ್ಕರು. ಯಾರು ಅಂತ ಬ್ಯಾರೆ ಹೇಳಬೇಕಾಗಿಲ್ಲ.

ನಾ ಬ್ಯಾಡ್ರಿ ಸರ್, ಅವರ ಮನಿ ಪರಿಸ್ಥಿತಿ ಬ್ಯಾರೆ ಅದ ಅಂದೆ. ಮ್ಯಾನೇಜರು ಕೇಳಲಿಲ್ಲ. ಶಾಲು, ತೆಂಗಿನಕಾಯಿ, ಒಂದು ವೆಬ್‌ಕ್ಯಾಮೆರಾ ಹಿಡಕೊಂಡು ಹೋಟೆಲಿಗೇ ಬಂದ್ರು. ಗಲ್ಲಾದ ಹಿಂದ ಕೂತ ಅಣ್ಣಾವ್ರಿಗೆ ಶಾಲು ಹೊಚ್ಚಿದ್ರು. ಉಪ್ಪಿಟ್ಟು ತಿನ್ನಲಿಕ್ಕೆ ಹತ್ತಿದ ಮಂದಿ ಎಡಗೈಲೆ ಟೇಬಲ್ ಬಡದು ಚಪ್ಪಾಳಿ ಹೊಡದ್ರು. ಅಣ್ಣಾವ್ರು ಕ್ಯಾಮೆರಾ ತಿರುವಿ ಮುರುವಿ ನೋಡಿದ್ರು.

"ಇದರಾಗ ದೂರದವರ ಮುಖ ಕಾಣಸ್ತದ," ಅಂತ ಮ್ಯಾನೇಜರು ತಿಳಿಸಿದ್ರು.

"ಅವರು ಎಲ್ಲಿದ್ದಾರೆ ಅಂತ ನಮಗೆ ಗೊತ್ತಿರಬೇಕಾ?"

"ಹೌದಲ್ಲ, ಅವರ ಕಡೆನೂ ಇಂಥಾದೊಂದು ಇರಬೇಕು."

ಅಣ್ಣಾವ್ರು ಕ್ಯಾಮೆರಾ ವಾಪಸ್ ಡಬ್ಬ್ಯಾಗ ಇಟ್ಟರು. ನಾ ಮುಖ ಆ ಕಡೆ ತಿರುಗಿಸಿಕೊಂಡೆ. ಮ್ಯಾನೇಜರಿಗೆ ಒಂದೂ ಗೊತ್ತಾಗಲಿಲ್ಲ. "ನಿಮಗಂತ ಸ್ಪೀಡ್ ಡಬಲ್ ಮಾಡಿ ಕೊಡ್ತೀವಿ," ಅಂದ್ರು.

"ಡಬಲ್ ಮಾಡಿದ್ರೆ," ಅಣ್ಣಾವ್ರು ಸ್ವಲ್ಪ ಆಸೆಯಿಂದಲೇ ಕೇಳಿದ್ರು, "ಅವಳು ಬೇಗ ಮಾಡ್ತಾಳಾ?"

ಡಾಕ್ಟರ್ ತೀರಿಕೊಂಡ್ರು

ಆಮ್ಯಾಲ ನಮ್ಮ ಯಜಮಾನರಿಗೆ ಔರಂಗಾಬಾದಿಗೆ ವರ್ಗ ಆತು. ನಾನೂ ಅಲ್ಲಿನ ಆಫೀಸಿಗೆ ಹೋದೆ. ಕುರ್ಚಿ ಬ್ಯಾರೆ, ಬೈಗುಳ ಅವೇ.

ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರ್ ಇದ್ರು. ಮನ್ಯಾಗೇ ಪೇಷಂಟ್ ನೋಡ್ತಿದ್ರು. ಕೆಲವು ದಿವಸದಿಂದ ಅವರ ಕಡೆ ಯಾರೂ ಬರವಲ್ರು. ಪಾಪ, ಊರ ಮಂದಿ ಆರೋಗ್ಯ ಸುಧಾರಿಸಿರಬೇಕು ಅಂತ ಅವರು ಸಮಾಧಾನದಿಂದ ಕೂತು ಇಂಟರ್ನೆಟ್ಟಿನಾಗ ಕ್ರಿಕೆಟ್ ಸ್ಕೋರ್ ನೋಡ್ತಿದ್ರು. ಖರೆ ಸಂಗತಿ ಏನಂದ್ರ, ಫೋನ್ ಮಾಡಿದ ಪೇಷಂಟುಗಳಿಗೆಲ್ಲಾ ಗಂಟಿ ಹೊಡಿಯೂದು ಕೇಳಸ್ತಿತ್ತು, ಈ ಕಡೆ ಡಾಕ್ಟರ್ ಮನ್ಯಾಗ ಫೋನ್ ಬಾಯೇ ಬಿಡ್ತಿದ್ದಿಲ್ಲ. ಇಷ್ಟು ಹೊಡದ್ರೂ ಎತ್ತವಲ್ರು ಅಂದ್ರ ಹೋಗಿರಬೇಕು ಅಂತ ಮಂದಿ ಮಾತಾಡಿಕೊಂಡ್ರು. ಕಡಿಗೆ ನಾಕು ಮಂದಿ ಹಾರ ಹಿಡಕೊಂಡೇ ಬಂದ್ರು. ಬಾಗಿಲು ತೆಗದವರು ಸ್ವತಃ ಡಾಕ್ಟರ್.

ನಮ್ಮ ಪರದ್ಯಾಗ ಅವರ ಲೈನ್ ಹಸಿರು. ಫೋನ್ ಕಂಪನಿಯ ಹಳೇ ಲೈನ್‌ಮ್ಯಾನ್ ಬಂದು ಕಂಬ ಹತ್ತಿ ನೋಡಿ ನನಗ ತಿಳಿಸಿ ಹೇಳಿದ್ರು. ಫೋನಿನ ತಂತಿ ಅಂದ್ರ ಎರಡು ಎಳಿ. ಒಂದು ಎಳಿ ಬಿಚ್ಚಿದ್ರ ಮಾತು ಸತ್ತಂಗ. ಮಾಡಿದವರಿಗೆ ಗಂಟಿ ಕೇಳಸ್ತದ, ಇಲ್ಲಿ ಬಡ್ಯೂದಿಲ್ಲ. ಆದ್ರ ನಿಮ್ಮ ಇಂಟರ್ನೆಟ್ ಒಂದೊಂದು ಸಲ ಉಳಿದ ಒಂದೇ ಎಳಿ ಮ್ಯಾಲೂ ಕುಂಟಿಕೋತ ಬರ್ತದ, ದೀಪ ಉರೀತಾನೇ ಇರ್ತದ ಅಂದ್ರು.

ಹಾರ ತಂದವರು ಖಾಲಿ ಕೈಲೆ ಹೋಗಲಿಲ್ಲ. ಹೆಂಗೂ ಬಂದೀವಿ ಅಂತ ಬಿಪಿ ನೋಡಿಸಿಕೊಂಡು ಹೋದ್ರು.

ಎಲ್ಲಾ ಚೊಲೋ ಅದ

ಅದಾಗಿ ಸ್ವಲ್ಪ ದಿವಸಕ್ಕ, ಮಧ್ಯಾಹ್ನದ ಹೊತ್ತಿನಾಗ ಒಬ್ಬ ಬಸುರಿ ಹೆಣ್ಣುಮಗಳು ನಮ್ಮ ಆಫೀಸಿಗೆ ಬಂದ್ಲು. ಬಿಸಿಲಾಗ ಬಸ್ಸಿನಾಗ ಬಂದು ಬಾಡಿದ್ಲು. ನನ್ನ ಮಗ್ಗಲ ಟೇಬಲ್ಲಿನ ಸಹೋದ್ಯೋಗಿ ಮುಂದ ಕೂತು, ಮರಾಠಿಯೊಳಗ ಒಂದು ನಂಬರ್ ಹೇಳಿದ್ಲು. "ಇದು ನಾಶಿಕದ ನಂಬರ್. ತಿಂಗಳಾತು, ಮಾಡ್ತೀನಿ, ಗಂಟಿ ಹೊಡೀತದ, ಯಾರೂ ಎತ್ತೂದಿಲ್ಲ. ಲೈನ್ ಕೆಟ್ಟದೇನು ಅಂತ ಫೋನ್ ಆಫೀಸಿನಾಗ ಕೇಳಿದೆ. ಅದರ ಮ್ಯಾಲ ಇಂಟರ್ನೆಟ್ ಅದ, ಅವರನ್ನೇ ಕೇಳ್ರಿ ಅಂತ ನಿಮ್ಮ ಕಡೆ ಕಳಿಸಿದ್ರು."

ಸಹೋದ್ಯೋಗಿ ನಂಬರ್ ಒತ್ತಿ ಪರದೆ ನೋಡಿದ. "ಏನೂ ಕೆಟ್ಟಿಲ್ಲ ತಾಯಿ, ಹಸಿರು ಅದ. ಲೈನ್ ಒಂದು ಗಳಿಗಿನೂ ಬಂದ್ ಆಗಿಲ್ಲ. ಅವರೇ ಎತ್ತವಲ್ರು ಅಷ್ಟ."

ಆಕಿ ತಲಿ ತಗ್ಗಿಸಿದ್ಲು. "ನಕ್ಕಿ?" ಅಂತ ಒಮ್ಮೆ ಕೇಳಿದ್ಲು, ಖಾತ್ರಿನಾ ಅಂತ. ಆತ ಖಾತ್ರಿ ಅಂದ. ಆಮ್ಯಾಲ ತನ್ನಷ್ಟಕ್ಕ ತಾನೇ, ತಡವರಿಸಿಕೋತ ಅಂದ್ಲು, "ಹಾಗಾದ್ರೆ ಅಮ್ಮನೇ ಎತ್ತುದಿಲ್ಲ. ಇನ್ನು ಮಾಡುದು ಬೇಡ."

ಔರಂಗಾಬಾದಿನಾಗ ಉಡುಪಿ ಕನ್ನಡ. ನಾ ಎದ್ದು ಪರದೆ ನೋಡಿದೆ. ಅದೇ ಹೆಸರು, ಅದೇ ಪಂಚವಟಿ ವಿಳಾಸ. ದೀಪ ನಮ್ಮದು, ಗಂಟಿ ಅವರದು, ಡಾಕ್ಟರ್ ಮನ್ಯಾಗ ಆದಂಗ ಒಂದು ಎಳಿ ಬಿಚ್ಚಿರಬೇಕು. ಆ ಮನ್ಯಾಗ ಫೋನ್ ಎತ್ತಿ ನೋಡೂ ಪೈಕಿ ಯಾರೂ ಇಲ್ಲ.

"ಪತ್ರ ಹಾಕಬಾರದೇನವಾ?" ಅಂತ ಕನ್ನಡದಾಗ ಕೇಳಿದೆ.

ಆಕಿ ಬೆಚ್ಚಿ ನೋಡಿದ್ಲು. "ಟಪಾಲು ಹೋಟೆಲಿಗೇ ಬರುದು, ಪಪ್ಪಾ ಹರಿದು ಹಾಕ್ತಾರೆ. ನೀವು ಕೋಣ್... ಯಾರು?"

ಗಿರಾಕಿಯ ಸಂಗತಿ ಹೊರಗಿನವರಿಗೆ ಹೇಳಬಾರದು ಅಂತ ನಮ್ಮ ಕಂಪನಿ ಕಾಯಿದೆ. ಕಾಯಿದೆ ಸುಡ್ಲಿ ಅಂತ ಆಫೀಸ್ ಫೋನಿನ ಸ್ಪೀಕರ್ ಹಾಕಿ ಅಣ್ಣಾವ್ರ ಮೊಬೈಲಿಗೆ ಹಚ್ಚಿದೆ. ಬಾಯಿ ಮ್ಯಾಲ ಬೆರಳಿಟ್ಟು ಆಕಿಗೆ ಸುಮ್ಮನ ಕೇಳು ಅಂದೆ. ಹೋಟೆಲಿನ ಗದ್ದಲ ಕೇಳಸಲಿಲ್ಲ. ಅಣ್ಣಾವ್ರು ಊಟಕ್ಕ ಮನಿಗೆ ಬಂದಿದ್ರು.

"ಅಣ್ಣಾವ್ರ, ನಾ ನಾಶಿಕದಾಗ ಇದ್ದ ಇಂಟರ್ನೆಟ್ ಮೇಡಂ. ಒಂದು ಕೆಲಸ ಮಾಡ್ರಿ, ಮನಿ ಫೋನ್ ಎತ್ತಿ ಟೋನ್ ಬರ್ತದೇನು ನೋಡ್ರಿ."

"ಎತ್ತುದಾ? ಅದೊಂದು ಹೇಳಬೇಡಿ ಮೇಡಂ. ಲೈಟ್ ಉರೀತಾ ಉಂಟು, ಲೈನ್ ಸರಿ ಉಂಟು."

"ಲೈಟ್ ಉರದ್ರೂ ಫೋನ್ ಸತ್ತಿರಬಹುದ್ರಿ. ಒಮ್ಮೆ ಎತ್ತರಿ."

"ನಾನು ಎತ್ತಿದ ಹೊತ್ತಿಗೇ ಅವಳು ಮಾಡಿದ್ರೆ? ಇಷ್ಟು ವರ್ಷ ಕಾದು ಈಗ ನಾನೇ ಎಂಗೇಜ್ ಮಾಡಿ ಕೂರುದಾ?"

ಹಿಂದಿನಿಂದ ಅಕ್ಕಾನ ದನಿ ಬಂತು. "ಯಾರದು? ಎತ್ತಬೇಡಿ ಆಯ್ತಾ. ಅವಳು ಮಾಡುವ ಹೊತ್ತು."

ಅಮ್ಮನ ದನಿ ಕೇಳಿ ಹುಡುಗಿ ಎರಡೂ ಕೈಲೆ ಬಾಯಿ ಮುಚ್ಚಿಕೊಂಡ್ಲು. ನಾ ಫೋನ್ ಆಕಿ ಮುಂದ ಸರಿಸಿದೆ. ಮಾತಾಡವಾ ಅಂದ್ರ ಆಕಿ ಗಂಟಲಿನಿಂದ ದನಿನೇ ಹೊರಡವಲ್ದು. ಆ ಕಡೆಯಿಂದ ಅಣ್ಣಾವ್ರು ಹಲೋ ಹಲೋ ಅಂದು ಅಂದು ಬ್ಯಾಸರಾದ್ರು. "ನೋಡು, ಇವರ ಆಫೀಸಿನ ಫೋನೇ ಸರಿ ಇಲ್ಲ, ನಮ್ಮದಕ್ಕೆ ಬುದ್ಧಿ ಹೇಳ್ಲಿಕ್ಕೆ ಬಂದದ್ದು," ಅಂತ ಹೆಂಡತಿಗೆ ಹೇಳಿ ಇಟ್ಟೇ ಬಿಟ್ಟರು.

ಆಕಿಗೆ ನೀರು ಕುಡಿಸಿ ಸ್ಪೀಕರ್ ಮ್ಯಾಲೇ ಮತ್ತ ಹಚ್ಚಿದೆ. ಈ ಸಲ ಅವರು ಬೈಲಿಕ್ಕೆ ಬಾಯಿ ತೆಗೆಯೂದರೊಳಗ ಆಕಿ ಅಂದ್ಲು, "ಪಪ್ಪಾ, ನಾನು."

ನಮ್ಮ ಆಫೀಸಿನಾಗ ಎಲ್ಲಾರೂ ಕೆಲಸ ಬಿಟ್ಟು ನಿಂತಿದ್ರು. ಅಣ್ಣಾವ್ರ ದನಿ ಬಂದಾಗ ಗುರುತು ಸಿಗಲಾರದಂಗ ಸಣ್ಣ ಆಗಿತ್ತು. "ಇಡಬೇಡ ಮಗಾ, ಇಡಬೇಡ. ಅಮ್ಮನಿಗೆ ಕೊಡ್ತೇನೆ." ಆಮ್ಯಾಲ ಆ ಕಡೆ ತಿರುಗಿ, "ಏ, ಬಾ ಇಲ್ಲಿ, ಅವಳು. ನನ್ನ ಮೊಬೈಲಿಗೆ ಮಾಡಿದ್ದಾಳೆ."

ಅಕ್ಕಾ ಕೂತಲ್ಲಿಂದ ಎದ್ದಂಗ ಕಾಣಲಿಲ್ಲ. ಫೋನಿನ ಮುಂದಿನಿಂದಲೇ ಅಂದ ಮಾತು ನಮಗೆಲ್ಲಾ ಸ್ಪಷ್ಟ ಕೇಳಿಸ್ತು.

"ಸುಮ್ನಿರಿ ನೀವು. ಅವಳು ನಿಮಗೆ ಯಾಕೆ ಮಾಡ್ತಾಳೆ?"